ಆಯೇರಿಯ ಲೆಕ್ಕ

ನಮ್ಮ ಗದಗ-ಬೆಟಗೇರಿ ಕಡೆ ಲಗ್ನದ ಮನೆಯಲ್ಲಿ ಒಂದು ನೋಟುಬುಕ್ಕು ಇದ್ದೇ ಇರುತ್ತದೆ. ಯಾರು ಎಷ್ಟು ಆಯೇರಿ ಮಾಡಿದರು, ಯಾರು ಸೀರೆ ತಂದರು, ಯಾರು ಕುಬಸದ ಕಣ ಇಟ್ಟರು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಲಕ್ಷ್ಮೇಶ್ವರದ ಬೀಗರು ಐದುನೂರು ಮಾಡಿದ್ದರೆ ಅವರ ಮನೆಯ ಕಾರ್ಯಕ್ಕೆ ನಾವು ಕಡಿಮೆ ಮಾಡುವಂತಿಲ್ಲ. ಇದನ್ನು ಯಾರೂ ಲಂಚವೆನ್ನುವುದಿಲ್ಲ. ಕೊಡುಗೆಯೆಂದರೆ ಋಣ ಎಂಬುದನ್ನು ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ, ಕಚೇರಿಯಲ್ಲಿ ಬಿಲ್ಲು ಬಾಕಿಯಿರುವ ಗುತ್ತಿಗೆದಾರರು ದೀಪಾವಳಿಗೆ ಸಾಹೇಬರ ಮನೆಗೆ ಕಳಿಸುವ ಬೆಳ್ಳಿ ಬಟ್ಟಲು ಯಾವ ಲೆಕ್ಕಕ್ಕೆ ಸೇರಬೇಕು?

ಅಮೆರಿಕದಲ್ಲಿ ಸರ್ಕಾರದ ಮೇಲೆ ಪ್ರಭಾವ ಬೀರುವುದನ್ನೇ ಉದ್ಯೋಗ ಮಾಡಿಕೊಂಡವರು ಹೆಸರು ನೋಂದಾಯಿಸಬೇಕು. ನಮ್ಮಲ್ಲಿ ಅಂಥ ಕಾಯ್ದೆಯಿಲ್ಲ. ಪಡೆಯುವವರ ಕೈಗೆ ಕಟ್ಟಳೆಯಿದೆ. ರಾಜ್ಯದ ನೌಕರರಿಗೆ 1966ರ ನಡತೆ ನಿಯಮಗಳಿದ್ದವು. 2021ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. ಇಂಥ ನಿಯಮಗಳ ತಿರುಳು ಇಷ್ಟು: ನೌಕರ ತಾನೂ ಕೊಡುಗೆ ಪಡೆಯಬಾರದು, ಮನೆಯವರು ಪಡೆಯಲೂ ಬಿಡಬಾರದು. ಮದುವೆ-ಮುಂಜಿಗಳಲ್ಲಿ ಬಂಧುಗಳು ರೂಢಿಯಂತೆ ಕೊಟ್ಟರೆ ತಪ್ಪಿಲ್ಲ. ಬೆಲೆ ದೊಡ್ಡದಾದರೆ ಸರ್ಕಾರಕ್ಕೆ ತಿಳಿಸಬೇಕು.

'ಮನೆಯವರು' ಎಂಬ ಆ ಮಾತನ್ನು ಗಮನಿಸಿ. ಬಟ್ಟಲು ಬರುವುದು ಕಚೇರಿಗಲ್ಲ, ನಮ್ಮ ಅಡಿಗೆಮನೆಗೆ. "ಅಕ್ಕಾರ, ಹಬ್ಬಕ್ಕಂತ ತಂದೀನ್ರಿ" ಎಂದು ಬಾಗಿಲಲ್ಲಿ ನಿಂತವರಿಗೆ ಬೇಡವೆನ್ನುವುದು ಒರಟುತನವೆನಿಸುತ್ತದೆ. ಬಂದ ಲಕ್ಷ್ಮಿಯನ್ನು ತಿರುಗಿ ಕಳಿಸಬಾರದೆಂದು ಹೇಳುವ ಹಿರಿಯರೂ ಇದ್ದಾರೆ.

ಆದರೆ ಋಣ ತೀರಿಸುವವರು ಯಾರು? ಬೀಗರ ಆಯೇರಿಯನ್ನು ನಾವು ನಮ್ಮ ಗಂಟಿನಿಂದ ತೀರಿಸುತ್ತೇವೆ. ಬೆಳ್ಳಿ ಬಟ್ಟಲನ್ನು ಸಾಹೇಬರು ತಮ್ಮ ಸಂಬಳದಿಂದ ತೀರಿಸುವುದಿಲ್ಲ. ಮುಂಡರಗಿಯ ರಸ್ತೆಯ ಡಾಂಬರಿನಿಂದ, ಶಿರಹಟ್ಟಿಯ ವಿಧವೆಯ ಪಿಂಚಣಿ ಕಾಗದದ ಪಾಳಿಯಿಂದ ತೀರಿಸುತ್ತಾರೆ. ತನ್ನದಲ್ಲದ್ದನ್ನು ಕೊಟ್ಟು ಋಣ ತೀರಿಸುವುದು ಮರ್ಯಾದೆಯಲ್ಲ.

ಇನ್ನೊಂದು ಕಠಿಣ ಪ್ರಶ್ನೆಯಿದೆ. ಕೆಲಸವಾದ ಮೇಲೆ ಮುದುಕಿಯೊಬ್ಬಳು ತಲಾಠಿಗೆ ಪ್ರೀತಿಯಿಂದ ಒಂದು ಚೀಲ ಶೇಂಗಾ ತಂದರೆ? ಬೇಡವೆಂದರೆ ಅವಳ ಮನಸ್ಸು ನೋಯುವುದು ನಿಜ. ಆದರೆ ಹಿಂದೆ ನಿಂತವಳು ಆ ಚೀಲವನ್ನು ನೋಡಿರುತ್ತಾಳೆ. ಶೇಂಗಾ ಇಲ್ಲದವಳು ನಾಳೆ ಸಾಲ ಮಾಡಿ ತರುತ್ತಾಳೆ. ಒಬ್ಬಳ ಪ್ರೀತಿ ಹೀಗೆಯೇ ಎಲ್ಲರಿಗೂ ದರವಾಗುತ್ತದೆ. ಅದಕ್ಕೇ ಕುಡಿಯಲು ನೀರು ಕೊಟ್ಟು, ಕೂಡಿಸಿ ಮಾತಾಡಿಸಿ, ಚೀಲವನ್ನು ಅವಳ ಕೈಗೇ ಕೊಟ್ಟು ಕಳಿಸುವುದು ಹೆಚ್ಚಿನ ಪ್ರೀತಿ.

2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಲಂಚ ಕೊಡುವವರೂ ಅಪರಾಧಿಗಳೇ. ಒತ್ತಾಯಕ್ಕೆ ಕೊಟ್ಟವರು ಏಳು ದಿನದೊಳಗೆ ದೂರಿದರೆ ಪಾರಾಗಬಹುದು. ಆದರೂ ಕಾಯ್ದೆ ಹೊಸ್ತಿಲ ಒಳಗೆ ಬಂದು ನಿಲ್ಲಲಾರದು. ಅಲ್ಲಿ ನಿಲ್ಲುವವಳು ಮನೆಯೊಡತಿಯೇ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಅವಳು ಹಿಗ್ಗಲಿಲ್ಲ; ಹೆಚ್ಚಾದುದನ್ನು ತಿರುಗಿ ಸುರಿದು ಬಾ ಎಂದಳು. ಆ ಅಕ್ಕಿ ಕಳವಿನದಲ್ಲ, ಲಂಚವೂ ಅಲ್ಲ. ಅಂದಿನ ಅಗತ್ಯಕ್ಕಿಂತ ಹೆಚ್ಚು, ಅಷ್ಟೇ. ಬಡವರ ಮನೆಯ ಹೆಣ್ಣುಮಗಳು ಅಕ್ಕಿಯನ್ನೇ ತಿರುಗಿ ಕಳಿಸಿದಳೆಂದರೆ, ಸಂಬಳ ಬರುವ ಮನೆಯವರಿಗೆ ಬಟ್ಟಲು ತಿರುಗಿ ಕಳಿಸುವುದು ಅಷ್ಟೊಂದು ಕಷ್ಟವೇ?