ಸಂಬಳಕ್ಕೆ ಸಂಸ್ಕಾರದ ಮುದ್ರೆ

ಅಮೆರಿಕದಲ್ಲಿ ಭಾರತೀಯ ಮೂಲದ ಕುಟುಂಬಗಳ ಆದಾಯ ಅಲ್ಲಿನ ಸರಾಸರಿ ಕುಟುಂಬಕ್ಕಿಂತ ಬಹಳ ಹೆಚ್ಚು ಎಂಬ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ: 'ಎಲ್ಲಾ ನಮ್ಮ ಸಂಸ್ಕಾರ ಕಣ್ರೀ.' ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಓದಿಸಿದವರ ಹೆಮ್ಮೆ ಅದು, ಹಗುರವಾಗಿ ಕಾಣಬಾರದು. ಆದರೂ ನನಗೆ ದಲೀಪ್ ಸಿಂಗ್ ಸೌಂದ್ ನೆನಪಾಗುತ್ತಾರೆ.

ಪಂಜಾಬಿನಿಂದ 1920ರಲ್ಲಿ ಅಮೆರಿಕಕ್ಕೆ ಹೊರಟ ಸೌಂದ್, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1924ರ ಹೊತ್ತಿಗೆ ಗಣಿತದಲ್ಲಿ ಪಿಎಚ್.ಡಿ. ಮುಗಿಸಿದ್ದರು. ಅದರ ಹಿಂದಿನ ವರ್ಷವಷ್ಟೇ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಎಂದುಬಿಟ್ಟಿತ್ತು. ಗಣಿತದ ಡಾಕ್ಟರು ಇಂಪೀರಿಯಲ್ ಕಣಿವೆಯ ಹೊಲಗಳಿಗೆ ಇಳಿದರು. ತಮ್ಮ ಹೆಸರಿನಲ್ಲಿ ಜಮೀನು ಕೊಳ್ಳುವುದಕ್ಕೂ ಕ್ಯಾಲಿಫೋರ್ನಿಯಾದ ಕಾನೂನು ಅಡ್ಡ. 1946ರಲ್ಲಿ ಅಮೆರಿಕದ ಪೌರತ್ವ ಕಾನೂನು ಬದಲಾಯಿತು, 1949ರಲ್ಲಿ ಪೌರತ್ವ ಸಿಕ್ಕಿತು, 1956ರಲ್ಲಿ ಅವರು ಅಮೆರಿಕದ ಸಂಸತ್ತಿಗೇ ಆರಿಸಿಬಂದರು. ಅಷ್ಟು ವರ್ಷ ಅವರ ವಿದ್ಯೆಯೂ ಅದೇ ಇತ್ತು, ಸಂಸ್ಕಾರವೂ ಅದೇ.

ಮುಂದೆ 1965ರ ವಲಸೆ ಕಾನೂನು ವೈದ್ಯರಿಗೆ, ಎಂಜಿನಿಯರುಗಳಿಗೆ ಬಾಗಿಲು ತೆರೆಯಿತು. 1990ರಲ್ಲಿ ಬಂದ ಎಚ್‌-1ಬಿ ವೀಸಾ ಪದವೀಧರರನ್ನೇ ಹೆಕ್ಕಿಕೊಂಡಿತು. ಜರಡಿ ಹಿಡಿದದ್ದು ಅಮೆರಿಕ. ಮೇಲುಳಿದ ಕಾಳು ನೋಡಿ ನಾವು ಇಡೀ ಹೊಲವನ್ನೇ ಹೊಗಳುತ್ತಿದ್ದೇವೆ. ಆ ಪದವಿಗಳಲ್ಲಿ ಎಷ್ಟೋ ಸರ್ಕಾರಿ ಕಾಲೇಜಿನವು, ಅಂದರೆ ವಿಮಾನವನ್ನೇ ಹತ್ತದವರ ತೆರಿಗೆಯವು.

ಹಾಗೆಂದು ಸಂಸ್ಕೃತಿಯ ಪಾಲು ಸೊನ್ನೆಯಲ್ಲ. ಗುಜರಾತಿನ ಪಟೇಲರು ಅಮೆರಿಕದ ಹೆದ್ದಾರಿಗಳುದ್ದಕ್ಕೂ ಮೋಟೆಲು ನಡೆಸುವಂತಾದದ್ದರ ಹಿಂದೆ ನೆಂಟರ ಕೈಸಾಲ, ಮನೆಮಂದಿಯೆಲ್ಲರ ದುಡಿಮೆ ಇದೆ. ನಂಬಿಕೆಯೂ ಬಂಡವಾಳವೇ. ಆದರೆ ಅದು ಬೆಳೆಯಲು ಕಾನೂನು ಮೊದಲು ಕಾಲೂರಲು ಬಿಡಬೇಕು.

ಕೊಲ್ಲಿ ದೇಶಗಳಿಗೆ ಹೋಗುವ ನಮ್ಮ ಕರಾವಳಿಯ ಹುಡುಗನನ್ನು ಯಾರೂ ಈ ಹೆಮ್ಮೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವನ ಮನೆಯಲ್ಲೂ ಹಿರಿಯರಿಗೆ ಮರ್ಯಾದೆಯಿದೆ, ಮಾಡಿದ ಸಾಲ ತೀರಿಸಬೇಕೆಂಬ ಅಂಜಿಕೆಯಿದೆ. ಹತ್ತನೇ ತರಗತಿ ಪಾಸಾಗಿಲ್ಲ, ಅಷ್ಟೇ. ಅದಕ್ಕೇ ಅವನದು ಇಸಿಆರ್ ಪಾಸ್‌ಪೋರ್ಟು. ಅಂದರೆ ಸೌದಿಗೋ ಕುವೈತಿಗೋ ಕೆಲಸಕ್ಕೆ ಹೊರಡಲು ಸರ್ಕಾರದ ಅನುಮತಿ ಬೇಕು. ಅಲ್ಲಿ ವೀಸಾ ಕೊಡಿಸಿದ ಧಣಿಯ ಹಂಗು, ಮಲಗಲು ಲೇಬರ್ ಕ್ಯಾಂಪು. ಎಷ್ಟು ವರ್ಷ ಬೆವರು ಸುರಿಸಿದರೂ ಪೌರತ್ವದ ಆಸೆಯಂತೂ ಇಲ್ಲ. ತಿಂಗಳು ತಿಂಗಳು ಅವನು ಕಳಿಸಿದ ದುಡ್ಡಿನಲ್ಲಿ ತಂಗಿ ನರ್ಸಿಂಗ್ ಓದಿ, ನಾಳೆ ಬ್ರಿಟನ್ನಿನ ಆಸ್ಪತ್ರೆಯೊಂದರಲ್ಲಿ ಅವನ ಸಂಬಳದ ನಾಲ್ಕರಷ್ಟು ಸಂಪಾದಿಸಿದರೆ, ಆ ಮನೆಗೆ ಸಂಸ್ಕಾರ ಬಂದದ್ದು ಆವತ್ತೇ ಎನ್ನೋಣವೇ?