ಅಮ್ಮನನ್ನು ಕೇಳಿದ್ದೀರಾ?

ನಮ್ಮ ಬಿಳಿಗೆರೆಯ ಕಡೆ ಕ್ಯಾನ್ಸರ್ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಅವರನ್ನು ಕಿದ್ವಾಯಿಗೆ ಕರೆದುಕೊಂಡು ಹೋದರಂತೆ' ಎಂದರೆ ಸಾಕು, ಕೇಳಿದವರು ಸುಮ್ಮನಾಗುತ್ತಾರೆ. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆ ಎಷ್ಟೋ ಬಡವರನ್ನು ಬದುಕಿಸಿ ಮನೆಗೆ ಕಳಿಸಿದೆ. ಆದರೂ ಅದರ ಹೆಸರೇ ನಮ್ಮ ಹಳ್ಳಿಗಳಲ್ಲಿ ರೋಗದ ಹೆಸರಾಗಿಬಿಟ್ಟಿದೆ. ಹೆಸರು ಹೇಳುವುದಕ್ಕೇ ಹೆದರುವವರು ಚಿಕಿತ್ಸೆ ಬೇಕೇ ಬೇಡವೇ ಎಂದು ಮಾತಾಡುವುದಾದರೂ ಹೇಗೆ?

ನಾವು ಹಾಗೆ ಹೆದರಿದವರೇ. 72 ವರ್ಷದ ಅಮ್ಮೀಗೆ ಜಠರದ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅದು ಲಿವರಿಗೂ ಹಬ್ಬಿತ್ತು. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದು ಅವರಿಗೆ ಹೇಳಿದೆವು. ರಿಪೋರ್ಟನ್ನು ಅಲಮಾರಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟು, ಅವರು ಮಲಗಿದ ಮೇಲೆ ಜಗಲಿಯಲ್ಲಿ ಕುಳಿತು ವಾದಿಸಿದೆವು. ಸಾಲ ಮಾಡಿಯಾದರೂ ಕೀಮೋ ಮಾಡಿಸಲೇಬೇಕು ಎಂದರು ಭಾಯಿಜಾನ್. ಈ ವಯಸ್ಸಿನಲ್ಲಿ ಯಾಕೆ ಆ ಹಿಂಸೆ ಎಂದರು ಆಪಾ. ನಡುವೆ ಕುಳಿತವರು ಆಗಾಗ ಪಕ್ಷ ಬದಲಿಸಿದೆವು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಆದ್ದರಿಂದ ಹಣದ ಚಿಂತೆ ಅರ್ಧ ಇಳಿದಿತ್ತು. ಉಳಿದರ್ಧ ಬಸ್ಸಿನ ಖರ್ಚು, ಜೊತೆಗಿರುವವರ ಊಟ, ಕಳೆದುಕೊಂಡ ಕೂಲಿ. ಇದನ್ನು ಯಾವ ಕಾರ್ಡೂ ಭರಿಸುವುದಿಲ್ಲ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ರಾತ್ರಿಗಳಲ್ಲಿ ನಾವು ಅಮ್ಮೀಯ ಬಗ್ಗೆ ಮಾತಾಡಿದ್ದಕ್ಕಿಂತ ನಮ್ಮ ಬಗ್ಗೆಯೇ ಹೆಚ್ಚು ಮಾತಾಡಿದೆವು. ಮಯ್ಯತ್ತಿಗೆ ಬಂದವರು 'ಮಕ್ಕಳು ತೋರಿಸಲೇ ಇಲ್ಲ' ಎಂದರೆ? ನಾಳೆ ನಮ್ಮ ಮನಸ್ಸೇ ಚುಚ್ಚಿದರೆ? ತಾಯಿಯ ನರದೊಳಕ್ಕೆ ಇಳಿಯುವ ಔಷಧ ಮಕ್ಕಳ ಪ್ರೀತಿಗೆ ರಸೀದಿಯಾಗಬೇಕೇ?

ನಂಜನಗೂಡಿನವರಿಗೆ ನಂಜು ಎಂದರೇನೆಂದು ವಿವರಿಸಬೇಕಿಲ್ಲ. ವಿಷ ಉಂಡ ದೇವರ ಊರು ಅದು. ಟಿಪ್ಪು ಸುಲ್ತಾನರ ಪಟ್ಟದಾನೆಗೆ ಅಲ್ಲಿ ಕಣ್ಣು ಬಂತೆಂದೂ, ಅಂದಿನಿಂದ ಸುಲ್ತಾನರು ಆ ದೇವರನ್ನು ಹಕೀಮ ನಂಜುಂಡ ಎಂದು ಕರೆದರೆಂದೂ ಪ್ರತೀತಿ. ನಂಜನ್ನೂ ಹಕೀಮನನ್ನೂ ಒಂದೇ ಹೆಸರಿನಲ್ಲಿ ಕಟ್ಟಿದ ಜನ ನಮ್ಮವರು! ಕೀಮೋದ ಹುಟ್ಟೂ ಹೀಗೆಯೇ. ಯುದ್ಧದ ಸಾಸಿವೆ ಅನಿಲದ ಕುಲಕ್ಕೆ ಸೇರಿದ ರಾಸಾಯನಿಕವೊಂದನ್ನು 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ರೋಗಿಯೊಬ್ಬರಿಗೆ ಕೊಟ್ಟು ನೋಡಿದರು. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳನ್ನು ಅದು ಕೊಲ್ಲುತ್ತದೆ. ಹಾಗೆ ಬೆಳೆಯುವುದು ಗಡ್ಡೆಯೊಂದೇ ಅಲ್ಲ, ಕೂದಲಿನ ಬುಡ, ಬಾಯಿ ಕರುಳುಗಳ ಒಳಪದರ, ರಕ್ತ ಹುಟ್ಟುವ ಮಜ್ಜೆಯೂ ಹೌದು. ಮಕ್ಕಳ ಎಷ್ಟೋ ರಕ್ತ ಕ್ಯಾನ್ಸರ್‌ಗಳನ್ನು ಈ ನಂಜು ಪೂರಾ ಗುಣಪಡಿಸುತ್ತದೆ. ಅಲ್ಲಿ ಬೇಡವೆನ್ನುವುದು ಬೇರೆಯೇ ಮಾತು. ಆದರೆ ಹಬ್ಬಿಬಿಟ್ಟ ಜಠರದ ಕ್ಯಾನ್ಸರ್‌ನಲ್ಲಿ ಅದು ಗುಣ ಮಾಡುವುದಿಲ್ಲ. ಸರಾಸರಿಯಲ್ಲಿ ಕೆಲವು ತಿಂಗಳು ಸೇರಿಸುತ್ತದೆ, ಕೆಲವರಿಗೆ ಸಂಕಟ ಇಳಿಸುತ್ತದೆ. ಸಾವಿನ ಅಂಚಿನಲ್ಲಿ ಕೀಮೋ ಪಡೆದವರ ಬಗ್ಗೆ 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಇನ್ನೂ ಓಡಾಡುವ ಶಕ್ತಿಯಿದ್ದವರ ಕೊನೆಯ ವಾರ ಕೀಮೋದಿಂದ ಇನ್ನಷ್ಟು ಹದಗೆಟ್ಟಿತೆಂದು ಕಂಡುಕೊಂಡಿತು. ಆದರೆ ಯಾರು ಅಂಚಿನಲ್ಲಿದ್ದಾರೆ ಎಂಬುದು ಮುಂಚೆಯೇ ತಿಳಿಯುವುದು ಕಷ್ಟ. ತೊಡಕಿರುವುದೇ ಇಲ್ಲಿ.

ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿದ ಮೈಸೂರಿನ ಕಿರಿಯ ವೈದ್ಯೆ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮನನ್ನು ಕೇಳಿದ್ದೀರಾ?" ನಾವು ನೆಲ ನೋಡಿದೆವು.

ಔಷಧ ಮಾಡಿಕೊಳ್ಳಿ ಎಂದು ಪ್ರವಾದಿವರ್ಯರು ಹೇಳಿದ್ದನ್ನು ಎಲ್ಲರೂ ಬಲ್ಲರು. ಮೂರ್ಛೆ ರೋಗದ ಹೆಂಗಸಿನ ಪ್ರಸಂಗವನ್ನು ನೆನೆಯುವವರು ಕಡಿಮೆ. ಆಕೆ ದುವಾ ಕೇಳಿ ಬಂದಾಗ ಪ್ರವಾದಿಯವರು ಆಯ್ಕೆಯನ್ನು ಆಕೆಗೇ ಬಿಟ್ಟರು: ಸಹನೆಯೋ, ಗುಣವಾಗಲೆಂಬ ಪ್ರಾರ್ಥನೆಯೋ? ಆಕೆ ಸಹನೆಯನ್ನು ಆರಿಸಿಕೊಂಡು, ಮೂರ್ಛೆ ಬಂದಾಗ ಮೈಮೇಲಿನ ಬಟ್ಟೆ ಸರಿಯದಿರಲಿ ಎಂದಷ್ಟೇ ಬೇಡಿದಳು. ತನಗೆ ಯಾವುದು ಮುಖ್ಯವೆಂದು ಹೇಳಿದವಳು ರೋಗಿಯೇ, ಅವಳ ಅಣ್ಣತಮ್ಮಂದಿರಲ್ಲ. ಚಿಕಿತ್ಸೆಯ ವಿಧಿ ವ್ಯಕ್ತಿಗೂ ಪರಿಸ್ಥಿತಿಗೂ ತಕ್ಕಂತೆ ಬೇರೆಯಾಗುತ್ತದೆ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಒಪ್ಪಿಗೆ ಬೇಕು ಎಂದು ಜಿದ್ದಾದ ಫಿಕ್ಹ್ ಅಕಾಡೆಮಿ 1992ರಲ್ಲಿ ತೀರ್ಮಾನಿಸಿತು. ನಮ್ಮ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಚಿಕಿತ್ಸೆ ಬೇಡವೆನ್ನುವ ಹಕ್ಕನ್ನು ಒಪ್ಪಿದೆ. ಇಷ್ಟಾದರೂ ಕೀಮೋ ಬೇಡವೆಂದರೆ ಆತ್ಮಹತ್ಯೆ ಎಂದು ಅವಸರದಲ್ಲಿ ಫತ್ವಾ ಕೊಡುವವರು ಟೀ ಅಂಗಡಿಯಲ್ಲೂ ಸಿಗುತ್ತಾರೆ.

ಬೇಡವೆಂದರೆ ಕೈಬಿಟ್ಟಂತೆ ಎನ್ನುವುದೂ ತಪ್ಪು. ನೋವಿಗೆ ಮಾರ್ಫಿನ್ ಮಾತ್ರೆಯಿದೆ. 2014ರಲ್ಲಿ ಕಾಯ್ದೆ ತಿದ್ದಿದ ಮೇಲೆ ಅದನ್ನು ಒದಗಿಸುವ ನಿಯಮ ಸರಳವಾಗಿದೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಕೀಮೋ ಪಡೆಯುವವರಿಗೂ ಈ ಆರೈಕೆ ಬೇಕು. ಇಲ್ಲಿಗೆ ಕಳಿಸುವುದನ್ನು ಕೊನೆಯ ದಿನದವರೆಗೆ ಮುಂದೂಡುವವರು ಬಹುಪಾಲು ನಾವೇ, ಮನೆಯವರು.

ಮರುದಿನ ಆಪಾ ಅಮ್ಮೀಯ ತಲೆ ಬಾಚುತ್ತಾ ವಿಷಯ ತೆಗೆದರು. ಅಮ್ಮೀ ಬೆಚ್ಚಲಿಲ್ಲ. "ಸ್ಕ್ಯಾನಿಂಗ್ ದಿನವೇ ಪಕ್ಕದ ಬೆಂಚಿನ ಹೆಂಗಸು ಹೇಳಿದ್ದಳು. ನೀವೆಲ್ಲ ಹೆದರಿದ್ದಿರಿ, ಅದಕ್ಕೆ ಸುಮ್ಮನಿದ್ದೆ" ಎಂದರು. ಒಂದು ತಿಂಗಳು ನಾವು ಅವರಿಂದ ಬಚ್ಚಿಟ್ಟಿದ್ದನ್ನು ಅವರು ನಮ್ಮಿಂದ ಬಚ್ಚಿಟ್ಟಿದ್ದರು! ಆಮೇಲೆ ವೈದ್ಯರನ್ನು ಅವರೇ ಕೇಳಿದರು: ಎಷ್ಟು ಸಲ ಬರಬೇಕು, ಪ್ರತಿ ಸಲ ಎಷ್ಟು ದಿನ ಮಲಗಿರಬೇಕು, ಎದ್ದು ಓಡಾಡುವ ದಿನಗಳು ಎಷ್ಟು ಉಳಿಯುತ್ತವೆ? ನಮ್ಮಲ್ಲಿ ಯಾರಿಗೂ ಈ ಲೆಕ್ಕ ಹೊಳೆದಿರಲಿಲ್ಲ. "ಎರಡು ಸಲ ಹಾಕಿ, ಡಾಕ್ಟರ್ ಸಾಬ್. ಆಮೇಲೆ ನನ್ನನ್ನೇ ಮತ್ತೆ ಕೇಳಿ" ಎಂದರು.

ಮೊದಲ ಸಲ ತಡೆದುಕೊಂಡರು. ಎರಡನೆಯದರ ನಂತರ ತಣ್ಣೀರು ಮುಟ್ಟಿದರೆ ಬೆರಳುಗಳಿಗೆ ಕರೆಂಟ್ ಹೊಡೆದಂತಾಗುತ್ತಿತ್ತು. ಆ ಔಷಧದ ಗುಣವೇ ಹಾಗಂತೆ. ವುಜೂಗೆ ನೀರು ಕಾಯಿಸಿ ಕೊಟ್ಟೆವು. ಅದಕ್ಕಿಂತ ಅವರನ್ನು ಕಾಡಿದ್ದು, ಮಡಕೆಯ ನೀರು ಕುಡಿಯಲಾಗದ್ದು. ಮೂರನೆಯ ಸರದಿಗೆ ಕೇಳಿದಾಗ "ಬಸ್ ಬೇಟಾ" ಎಂದರು. ಆಮೇಲೆ ಐದು ತಿಂಗಳು ಮನೆಯಲ್ಲಿದ್ದರು. ಕೊನೆಯ ಮೂರು ವಾರ ಬಿಟ್ಟರೆ ಕೋಳಿಗಳಿಗೆ ಕಾಳು ಹಾಕಿದವರು ಅವರೇ.

ಆರೂ ಸರದಿ ಮುಗಿಸಿದ್ದರೆ ಇನ್ನೆಷ್ಟು ದಿನ ಇರುತ್ತಿದ್ದರೋ. ಮುಗಿಸಬೇಕಿತ್ತು ಎಂದೇ ಭಾಯಿಜಾನ್ ಈಗಲೂ ಹೇಳುತ್ತಾರೆ. ಕಳೆದ ಬಕ್ರೀದಿಗೆ ಬಂದಾಗಲೂ ಊಟದ ನಡುವೆ ಅದೇ ಮಾತು ತೆಗೆದರು. ಆಪಾ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ನಾವ್ಯಾರೂ ಉತ್ತರ ಕೊಡಲಿಲ್ಲ.