ಬಿಡಬೇಕೆನ್ನುವವನ ಗುಟ್ಟು

ಯಾದಗಿರಿ ಜಿಲ್ಲೆಯ ಕೊಂಕಲ್‌ನಂಥ ಊರಿನಲ್ಲಿ ಯಾರು ಕುಡಿಯುತ್ತಾರೆ ಎಂಬುದು ಯಾರಿಗೂ ತಿಳಿಯದ ಸಂಗತಿಯಲ್ಲ. ಸಂಜೆ ಯಾರ ಕಾಲು ಯಾವ ಕಡೆ ತಿರುಗುತ್ತದೆ, ಗುಳೆ ಹೋಗಿ ತಂದ ದುಡ್ಡು ಯಾರ ಮನೆಯಲ್ಲಿ ಎಷ್ಟು ದಿನ ಉಳಿಯಿತು, ತವರಿಗೆ ಹೋದ ಯಾರ ಹೆಂಡತಿ ಇನ್ನೂ ಮರಳಿಲ್ಲ ಎಂಬುದೆಲ್ಲ ಕಟ್ಟೆಯ ಮೇಲೆ ಕೂತವರಿಗೆ ಬಾಯಿಪಾಠ. ಆದರೆ ಅದೇ ಮನುಷ್ಯ ಒಂದು ನಸುಕಿನಲ್ಲಿ ಎದ್ದು, ನಡುಗುವ ತನ್ನ ಕೈಯನ್ನು ನೋಡಿಕೊಳ್ಳುತ್ತ, ‘ಇನ್ನು ಸಾಕು’ ಎಂದುಕೊಂಡದ್ದು ಮಾತ್ರ ಪಕ್ಕದಲ್ಲಿ ಮಲಗಿದವರಿಗೂ ತಿಳಿದಿರುವುದಿಲ್ಲ. ಕುಡಿತ ಬಯಲಿನಲ್ಲಿದೆ, ಬಿಡಬೇಕೆಂಬ ಆಸೆ ಗುಟ್ಟಾಗಿದೆ. ಅಂಗಡಿಯ ಮುಂದೆ ನಿಲ್ಲಲು ಹಿಂಜರಿಯದವನು ಸಹಾಯ ಕೇಳಲು ಹೊರಟಾಗ ಮುಖ ಮರೆಸಿಕೊಳ್ಳಬೇಕಾಗುತ್ತದೆ ಎಂದರೆ, ನಾವೆಲ್ಲ ಸೇರಿ ನಾಚಿಕೆಯನ್ನು ಎಂಥ ಜಾಗದಲ್ಲಿ ತಂದಿಟ್ಟಿದ್ದೇವೆ?

ಇಂಥ ಮನೆಗಳಲ್ಲಿ ಮೊದಲು ಹೊಳೆಯುವ ದಾರಿ ಆಣೆ. ಮೈಲಾಪುರದ ಮಲ್ಲಯ್ಯನೋ ತಿಂಥಣಿಯ ಮೌನೇಶ್ವರನೋ, ನಂಬಿದ ದೈವದ ಹೆಸರಿನಲ್ಲಿ ‘ಇನ್ನು ಮುಟ್ಟೋದಿಲ್ಲ’ ಎಂದು ಮಾತು ತೆಗೆದುಕೊಳ್ಳುತ್ತಾರೆ. ಅದರ ಹಿಂದಿನ ಪ್ರೀತಿಯನ್ನು ನಾನು ಅನುಮಾನಿಸಲಾರೆ. ಆಣೆಯ ಬಲದಿಂದಲೇ ಬಿಟ್ಟವರೂ ಇದ್ದಾರೆ. ಆದರೆ ಆಣೆ ಒಬ್ಬ ಬಳಲಿದ ಮನುಷ್ಯನಿಂದ ಇಡೀ ಬದುಕನ್ನು ಒಂದೇ ಗಳಿಗೆಯಲ್ಲಿ ಕೇಳುತ್ತದೆ, ಒಮ್ಮೆ ಮುರಿದರೆ ಅವನನ್ನು ದೇವರಿಗೂ ಮನೆಯವರಿಗೂ ಏಕಕಾಲಕ್ಕೆ ತಪ್ಪಿತಸ್ಥನನ್ನಾಗಿ ಮಾಡುತ್ತದೆ, ಆ ಭಾರವನ್ನು ಮರೆಯಲು ಅವನಿಗೆ ಗೊತ್ತಿರುವ ಮದ್ದು ಒಂದೇ.

ಇನ್ನೊಂದು ದಾರಿಯೂ ಇದೆ. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ವ್ಯವಹಾರಕ್ಕೆಂದು ಬಂದು ಸೋತ ಬಿಲ್ ವಿಲ್ಸನ್ ಎಂಬಾತ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವನು, ಹೋಟೆಲಿನ ಬಾರ್‌ನಿಂದ ಬರುವ ನಗುವನ್ನು ಕೇಳುತ್ತ ನಿಂತಿದ್ದ. ಆಗ ಅವನು ಹುಡುಕಿದ್ದು ಉಪದೇಶಕನನ್ನಲ್ಲ, ತನ್ನಂತೆಯೇ ಕುಡಿತಕ್ಕೆ ಸಿಕ್ಕ ಇನ್ನೊಬ್ಬನನ್ನು. ಹೀಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಬಂದ ವೈದ್ಯರು ತಾಸುಗಟ್ಟಲೆ ಕೂತರು. ಕುಡಿತ ಬಿಡಬಯಸುವವರ ಬಳಗವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಆ ಮಾತುಕತೆಯಿಂದ. 1957ರ ಹೊತ್ತಿಗೆ ಅದು ಮುಂಬೈಗೂ ಬಂತು. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ವಿಷಯವೆಂದರೆ, ವಿಲ್ಸನ್ ಹೋದದ್ದು ಇನ್ನೊಬ್ಬನನ್ನು ಉದ್ಧರಿಸಲು ಅಲ್ಲ, ತಾನು ಉಳಿಯಲು. ಹೇಳುವವನಿಗೂ ಕೇಳುವವನಿಗೂ ಸಮಾನ ಅಗತ್ಯವಿರುವ ಮಾತು ನಮ್ಮ ಬದುಕಿನಲ್ಲಿ ಎಷ್ಟು ಅಪರೂಪ! ಮನೆಯಲ್ಲಿ ಬೈಗುಳವಿದೆ, ಊರಲ್ಲಿ ತೀರ್ಪಿದೆ, ದವಾಖಾನೆಯಲ್ಲಿ ಸಲಹೆಯಿದೆ. ‘ನನಗೂ ಹೀಗೇ ಆಗಿತ್ತು’ ಎನ್ನುವವನು ಎಲ್ಲಿದ್ದಾನೆ?

ಅವನು ಸಿಗುವ ಜಾಗವೇ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆ. ಅಲ್ಲಿ ಶುಲ್ಕವಿಲ್ಲ, ಜಾತಿ ಕೇಳುವುದಿಲ್ಲ, ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದಿದ್ದರೆ ಸಾಕು. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುವುದಿಲ್ಲ, ಬಾಯಿ ಬಿಡದೆ ಕೂತು ಎದ್ದು ಬಂದರೂ ಯಾರೂ ಕಾರಣ ಕೇಳುವುದಿಲ್ಲ. ಬಿಡುವ ಅವಧಿಯನ್ನು ಅವರು ಒಂದು ದಿನಕ್ಕೆ ಇಳಿಸಿದ್ದಾರೆ: ಇವತ್ತೊಂದು ದಿನ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಗೂ ಇದೇ ಅರಿವು ದಕ್ಕಿದೆ. ಶಿಬಿರ ಮುಗಿದು ಮನೆಗೆ ಹೋದವನು ಒಂಟಿಯಾಗಬಾರದೆಂದೇ ನವಜೀವನ ಸಮಿತಿಗಳಿವೆ, ನೂರು ದಿನ ದಾಟಿದವರಿಗೆ ಶತದಿನೋತ್ಸವವಿದೆ. ಕುಡಿಯದೆ ಕಳೆದ ದಿನಗಳನ್ನು ನಾಲ್ಕು ಜನರ ಮುಂದೆ ಎಣಿಸಿ ಸಂಭ್ರಮಿಸುವುದು ಸಣ್ಣ ಕೆಲಸವಲ್ಲ.

ಆದರೆ ಹಳ್ಳಿಯವನಿಗೆ ಆ ಬಾಗಿಲು ದೂರ. ಸಭೆಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು, ಬಸ್ಸಿಗೆ ಕಾಯಬೇಕು, ‘ಎಲ್ಲಿಗೆ ಹೊಂಟಿ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಮೊದಲ ಹೆಜ್ಜೆಗೆ ಫೋನ್ ಸಾಕಾದೀತು: ವ್ಯಸನಮುಕ್ತಿಗೆಂದೇ ಇರುವ 14446, ಮನಸ್ಸಿನ ತೊಳಲಾಟಕ್ಕೆ ಟೆಲಿ ಮನಸ್‌ನ 14416. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯವಾಗಬಹುದು. ಆ ಮೊದಲ ದಿನಗಳು ವೈದ್ಯರ ಕಣ್ಣಳತೆಯಲ್ಲೇ ಕಳೆಯಬೇಕು. ಈ ಮಾತನ್ನು ಛಲ ತೊಟ್ಟವರಿಗೂ ಛಲ ತೊಡಿಸುವವರಿಗೂ ಒತ್ತಿ ಹೇಳಬೇಕು.

ಹೆಂಗಸರ ಮಾತು ಬೇರೆಯೇ ಇದೆ. 2007ರ ಜುಲೈನಿಂದ ರಾಜ್ಯದಲ್ಲಿ ಸಾರಾಯಿ ನಿಂತರೂ ಅವರ ಮನೆಯ ಸಂಜೆಗಳು ಬದಲಾಗಲಿಲ್ಲ. 2019ರ ಜನವರಿಯಲ್ಲಿ ಗ್ರಾಮೀಣ ಮಹಿಳೆಯರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಕುಡಿಯುವವನ ಹೆಂಡತಿಗೂ ತನ್ನಂಥ ಇನ್ನೊಬ್ಬಳ ಜೊತೆ ಕೂತು ಹೇಳಿಕೊಳ್ಳುವ ಜಾಗ ಬೇಕು. ಕುಟುಂಬದವರಿಗಾಗಿ 1951ರಲ್ಲೇ ಅಲ್-ಅನಾನ್ ಎಂಬ ಬಳಗ ಹುಟ್ಟಿದ್ದು ಇದಕ್ಕೇ.

ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಂಪ್ರದಾಯದ ಪ್ರಕಾರ ಕುಡಿತ ಬಿಡಲು ಬಯಸುವ ಇಬ್ಬರೋ ಮೂವರೋ ಕೂಡಿದರೂ ಅದೊಂದು ಗುಂಪೇ. ಕೊಂಕಲ್‌ಗೂ ಸುತ್ತಲ ಹಳ್ಳಿಗಳಿಗೂ ಭವನ ಬೇಕಿಲ್ಲ, ಬ್ಯಾನರ್ ಬೇಕಿಲ್ಲ. ವಾರಕ್ಕೊಂದು ಸಂಜೆ ಶಾಲೆಯ ಜಗಲಿ ಸಿಕ್ಕರೆ ಆಯಿತು. ಅಲ್ಲಿಗೆ ಹೊರಟವರನ್ನು ಕಂಡು ಕಟ್ಟೆಯವರು ನಗದಿದ್ದರೆ, ನಡುವೆ ಒಂದು ವಾರ ಜಾರಿ ಕುಡಿದು, ತಲೆ ತಗ್ಗಿಸಿ ಬಂದವನಿಗೂ ಉಳಿದವರು ಸರಿದು ಕೂರಲು ಜಾಗ ಬಿಟ್ಟರೆ, ಅವನು ಮರುವಾರವೂ ಬಂದಾನು.